ದೇವರ ಮುಂದೆ ತೆರೆದಿಟ್ಟ ನೋಟ್‌ಬುಕ್: ನೊಂದ ಮನಸ್ಸಿಗೆ ದಿನಚರಿ ಬರೆಯುವ ಕ್ರಮ

ಭಾನುವಾರದ ಆರಾಧನೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವಾಗ ಯಾರಾದರೂ "ಹೇಗಿದ್ದೀರಿ?" ಎಂದು ಕೇಳಿದರೆ "ದೇವರ ದಯೆಯಿಂದ ಚೆನ್ನಾಗಿದ್ದೇವೆ" ಎಂದು ಹೇಳುವುದು ಮಂಗಳೂರಿನ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಬಾಲ್ಯದಿಂದಲೇ ಬಾಯಿಗೆ ಹತ್ತಿದ ಮಾತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ ಮಾತನ್ನು ಖಾಸಗಿ ನೋಟ್‌ಬುಕ್ಕಿನಲ್ಲಿಯೂ ಬರೆಯತೊಡಗಿದರೆ ಆ ನೋಟ್‌ಬುಕ್ಕಿನಿಂದ ಮನಸ್ಸಿಗೆ ಪ್ರಯೋಜನವಾಗುವುದಿಲ್ಲ. ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ.

ಶಾಲಾ ಶಿಕ್ಷಕರಾಗಿ ನಿವೃತ್ತರಾಗಿದ್ದ ನನ್ನ ತಂದೆ ಒಂದು ಜೂನ್ ತಿಂಗಳ ಮೊದಲ ವಾರದಲ್ಲಿ ತೀರಿಕೊಂಡರು. ದುಃಖವನ್ನು ಬರೆದು ಇಳಿಸಿಕೊಳ್ಳಬೇಕೆಂದು ಯಾರೋ ಹೇಳಿದ್ದರಿಂದ ನಾನು ಒಂದು ಪುಸ್ತಕ ತಂದು ಪ್ರತಿದಿನ ರಾತ್ರಿ ಬರೆಯತೊಡಗಿದೆ. "ಇಂದೂ ಕರ್ತನು ನಮ್ಮನ್ನು ಬಲಪಡಿಸಿದನು. ಸ್ತೋತ್ರ." ಇಂಥ ಸಾಲುಗಳೇ ಎರಡು ತಿಂಗಳು ತುಂಬಿದವು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮನೆಗೆ ಮೀನು ತರುತ್ತಿದ್ದ ಅಕ್ಕ ಆ ದಿನಗಳಲ್ಲಿ ನಮ್ಮ ಓಣಿಗೆ ಬಂದಿರಲಿಲ್ಲ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ಗೇಟಿನ ಹತ್ತಿರ ನಿಂತು, ಮಾಷ್ಟ್ರಿಗೆ ಇವತ್ತು ಬಂಗುಡೆ ಬೇಡವಾ ಎಂದು ತುಳುವಿನಲ್ಲಿ ಕೂಗಿ ಕೇಳಿದರು. ಅವರಿಗೆ ಸುದ್ದಿಯೇ ತಿಳಿದಿರಲಿಲ್ಲ. ನಾನು ಹೇಳಿದಾಗ ಅವರು ಬುಟ್ಟಿಯನ್ನು ಕೆಳಗಿಟ್ಟು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. ಅವರು ಹೋದ ಮೇಲೆ ನಾನು ಬರೆದ ಒಂದೂವರೆ ಪುಟದಲ್ಲಿ ಸ್ತೋತ್ರವೆಂಬ ಪದ ಇರಲಿಲ್ಲ, ಬುಟ್ಟಿಯಿಂದ ಸಿಮೆಂಟಿನ ಮೇಲೆ ಇಳಿಯುತ್ತಿದ್ದ ನೀರು ಇತ್ತು, "ಕರ್ತನೇ, ಈ ಹೆಂಗಸಿಗೆ ನಾನು ಹೇಳಬೇಕಾಗಿ ಬಂದದ್ದೇಕೆ?" ಎಂಬ ಸಿಟ್ಟಿನ ಪ್ರಶ್ನೆ ಇತ್ತು. ತಂದೆ ಹೋದ ಮೇಲೆ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದೇ ಎಂದು ಈಗಲೂ ನನಗೆ ಅನಿಸುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಹೇಳುವ ಕ್ರಮದ ಹಿಂದೆ ಒಂದೇ ಅಭಿಪ್ರಾಯವಿದೆ: ದಿನಚರಿಯು ದೇವರ ಉಪಕಾರಗಳನ್ನು ಸಭೆಯ ಮುಂದೆ ಹೇಳುವ ಸಾಕ್ಷಿಯಂತಾಗಬಾರದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ತಮ್ಮ ಕೆಲಸದ ವರದಿಗಳನ್ನು ಅಲ್ಲಿಗೆ ಬರೆದು ಕಳುಹಿಸುತ್ತಿದ್ದರು. ಆ ಶಿಸ್ತಿನಿಂದ ಇತಿಹಾಸಕ್ಕೆ ಬಹಳ ಲಾಭವಾಗಿದೆ. ನೊಂದ ಮನಸ್ಸು ಮಾತ್ರ ದೇವರಿಗೆ ವರದಿ ಒಪ್ಪಿಸುವ ಭಾಷೆಯನ್ನು ಬಿಟ್ಟುಕೊಡಬೇಕಾಗುತ್ತದೆ.

ಪುಸ್ತಕ, ಪೆನ್ನು, ಜಾಗ

ದಿನಾಂಕ ಮುದ್ರಿಸಿದ ದುಬಾರಿ ಡೈರಿಯನ್ನು ಕೊಳ್ಳಬೇಡಿ. ಜ್ವರ ಬಂದು ನಾಲ್ಕು ದಿನ ಬಿಟ್ಟುಹೋದರೆ ಆ ಖಾಲಿ ಪುಟಗಳು ನಮ್ಮನ್ನು ದೂರುವಂತೆ ಕಾಣುತ್ತವೆ, ಐದನೆಯ ದಿನ ಡೈರಿ ಕಪಾಟಿಗೆ ಸೇರುತ್ತದೆ. ಶಾಲಾ ಮಕ್ಕಳು ಬಳಸುವ 200 ಪುಟದ ಗೆರೆ ಪುಸ್ತಕ ಸಾಕು. ದಿನಾಂಕವನ್ನು ನೀವೇ ಬರೆಯಿರಿ. ಶಾಯಿ ಪೆನ್ನಿನ ಬದಲು ಬಾಲ್‌ಪೆನ್ ಉತ್ತಮ, ಏಕೆಂದರೆ ಆಟಿ ತಿಂಗಳ ಮಳೆಯ ತೇವದಲ್ಲಿ ನಮ್ಮ ಮನೆಗಳ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ. ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡದೆ ಉಕ್ಕಿನ ಕಪಾಟಿನಲ್ಲಿ ಬಟ್ಟೆಗಳ ನಡುವೆ ಇಟ್ಟರೆ ಬೂಸ್ಟು ಹಿಡಿಯುವುದು ಕಡಿಮೆ. ಮೊಬೈಲಿನಲ್ಲಿ ಬರೆಯುವುದು ತಪ್ಪೇನೂ ಅಲ್ಲ. ಆದರೆ ಅರ್ಧ ವಾಕ್ಯ ಬರೆಯುವಷ್ಟರಲ್ಲಿ ವಾಟ್ಸಾಪ್ ಸದ್ದು ಮಾಡುವ ಯಂತ್ರದಲ್ಲಿ ಮನಸ್ಸು ಬಿಚ್ಚುವುದು ನನ್ನಿಂದ ಸಾಧ್ಯವಾಗಿಲ್ಲ.

ಸಮಯದ ವಿಷಯದಲ್ಲಿ ಹಠ ಬೇಡ. ಮುಂಜಾನೆ ಮನೆಯವರು ಏಳುವ ಮುನ್ನ, ಅಥವಾ ರಾತ್ರಿ ಮನೆಪ್ರಾರ್ಥನೆಯ ಅನಂತರ, ಹತ್ತು ನಿಮಿಷ ಸಿಕ್ಕರೆ ಆಯಿತು. ವಾರದಲ್ಲಿ ನಾಲ್ಕು ದಿನ ಬರೆದವರನ್ನು ನಾನು ನಿತ್ಯ ಬರೆಯುವವರೆಂದೇ ಲೆಕ್ಕ ಹಿಡಿಯುತ್ತೇನೆ. ಬಿಟ್ಟುಹೋದ ದಿನಗಳಿಗೆ ಕ್ಷಮಾಪಣೆ ಬರೆಯುತ್ತ ಪುಟ ಹಾಳು ಮಾಡಬೇಡಿ. ಹೊಸ ದಿನಾಂಕ ಹಾಕಿ ಮುಂದುವರಿಯಿರಿ.

ಯಾವ ಭಾಷೆಯಲ್ಲಿ ಬರೆಯಬೇಕೆಂಬ ಪ್ರಶ್ನೆ ನಮ್ಮ ಊರಿನಲ್ಲಿ ಮುಖ್ಯವಾದದ್ದು. ನಮ್ಮಲ್ಲಿ ಹಲವರು ಪ್ರಾರ್ಥಿಸುವುದು ಕನ್ನಡದಲ್ಲಿ, ಕೆಲಸ ಮಾಡುವುದು ಇಂಗ್ಲಿಷಿನಲ್ಲಿ, ಜಗಳವಾಡುವುದು ತುಳುವಿನಲ್ಲಿ ಅಥವಾ ಕೊಂಕಣಿಯಲ್ಲಿ. ಘಟನೆ ನಡೆದಾಗ ಕಿವಿಗೆ ಬಿದ್ದ ಮಾತನ್ನು ಅದು ಬಿದ್ದ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಿ, ಬರೆದುಬಿಡಿ. ಅತ್ತೆ ಕೊಂಕಣಿಯಲ್ಲಿ ಆಡಿದ ಚುಚ್ಚುಮಾತನ್ನು ಸತ್ಯವೇದದ (ಬೈಬಲಿನ) ಕನ್ನಡಕ್ಕೆ ತಿರುಗಿಸಿದರೆ ಅದರ ಮುಳ್ಳು ಉದುರಿಹೋಗುತ್ತದೆ, ಆಮೇಲೆ ಯಾವುದಕ್ಕೆ ಮದ್ದು ಹಚ್ಚಬೇಕೆಂದೇ ತಿಳಿಯುವುದಿಲ್ಲ.

ಮೊದಲು ನಡೆದದ್ದು, ಆಮೇಲೆ ಭಾವನೆ

ಪ್ರತಿಯೊಂದು ಬರಹವನ್ನೂ ಆ ದಿನ ನಿಜವಾಗಿ ನಡೆದ ಒಂದು ಸಣ್ಣ ಸಂಗತಿಯಿಂದ ಆರಂಭಿಸಿ. ಯಾರು ಏನು ಹೇಳಿದರು, ಆಗ ನಿಮ್ಮ ಕೈಯಲ್ಲಿ ಏನಿತ್ತು, ಎಲ್ಲಿ ನಿಂತಿದ್ದಿರಿ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯಿರಿ. ಅನಂತರ ದೇಹದ ಸ್ಥಿತಿಯನ್ನು ಒಂದು ಸಾಲಿನಲ್ಲಿ ದಾಖಲಿಸಿ: ನಿದ್ರೆ ಬಂತೇ, ಊಟ ಸೇರಿತೇ, ಎದೆ ಬಿಗಿದಿತ್ತೇ. ಇದು ಆತ್ಮಿಕ ವಿಷಯವಲ್ಲವೆಂದು ಕೆಲವರು ಮೂಗು ಮುರಿಯಬಹುದು. ಅಂಥವರು ಸತ್ಯವೇದದ ಮೊದಲನೆಯ ಅರಸುಗಳು ಎಂಬ ಗ್ರಂಥದ 19ನೆಯ ಅಧ್ಯಾಯವನ್ನು ಓದಲಿ. ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಬೋಧನೆ ಮಾಡಲಿಲ್ಲ. ಎರಡು ಸಲ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ನಡುವೆ ಮಲಗಲು ಬಿಟ್ಟನು. ಮಾತುಕತೆ ನಡೆದದ್ದು ಅದೆಲ್ಲ ಆದ ಬಹುದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಮೂರನೆಯದಾಗಿ ಭಾವನೆಗೆ ಹೆಸರಿಡಬೇಕು. ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ವಿಶೇಷ ತೊಡಕಿದೆ, ಅದರ ಹೆಸರು "ಬೇಜಾರು". ಮಗಳು ಮದುವೆಯಾಗಿ ಹೋದರೆ ಬೇಜಾರು, ಬಸ್ಸು ತಪ್ಪಿದರೆ ಬೇಜಾರು, ಸ್ನೇಹಿತನು ಮಾತು ಬಿಟ್ಟರೆ ಬೇಜಾರು, ಶವಸಂಸ್ಕಾರದಲ್ಲಿ "ಬೇಜಾರು ಮಾಡಬೇಡಿ". ಈ ಪದವನ್ನು ಬರೆದ ಕೂಡಲೇ ಅದರ ಕೆಳಗೆ ಒಂದು ಗೆರೆ ಎಳೆದು, ಯಾವ ಬೇಜಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅಗಲಿಕೆಯ ದುಃಖವೋ, ಅವಮಾನವೋ, ಸಿಟ್ಟೋ, ಬರೀ ಆಯಾಸವೋ, ನಾನೇ ತಪ್ಪು ಮಾಡಿದೆನೆಂಬ ಅಳುಕೋ? ಆಯಾಸಕ್ಕೆ ಬೇಕಾದದ್ದು ನಿದ್ರೆ, ಅಳುಕಿಗೆ ಬೇಕಾದದ್ದು ತಪ್ಪೊಪ್ಪಿಗೆ, ಅವಮಾನಕ್ಕೆ ಬೇಕಾದದ್ದು ಇವೆರಡೂ ಅಲ್ಲ. ತಂದೆಯ ಸಾವಿನ ಅನಂತರ ನನ್ನಲ್ಲಿದ್ದ ಬೇಜಾರಿನ ಬಹುಪಾಲು ದುಃಖವೆಂದು ನಾನು ತಿಳಿದಿದ್ದೆ. ಹೆಸರಿಡಲು ಕುಳಿತಾಗ ಅರ್ಧಕ್ಕರ್ಧ ಅದು ಕೊನೆಯ ವಾರ ಆಸ್ಪತ್ರೆಯಲ್ಲಿ ನಮ್ಮ ಪ್ರಶ್ನೆಗಳಿಗೆ ಯಾರೂ ನೆಟ್ಟಗೆ ಉತ್ತರಿಸಲಿಲ್ಲವೆಂಬ ಸಿಟ್ಟಾಗಿತ್ತು.

ದೂರನ್ನು ಬರೆಯುವ ಬಗೆ

ದೇವರ ಮೇಲೆ ದೂರು ಹೇಳುವುದು ಅವಿಶ್ವಾಸವೆಂದು ನಮ್ಮಲ್ಲಿ ಅನೇಕರು ಹೆದರುತ್ತಾರೆ. ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ ಆಗಿವೆ ಎಂಬುದನ್ನು ಅಂಥವರು ನೆನಪಿನಲ್ಲಿಡಬೇಕು. 56ನೆಯ ಕೀರ್ತನೆಯು ದೇವರು ನಮ್ಮ ಕಣ್ಣೀರನ್ನು ತುಂಬಿಟ್ಟುಕೊಳ್ಳುವನೆಂದೂ ತನ್ನ ಪುಸ್ತಕದಲ್ಲಿ ಬರೆದಿಡುವನೆಂದೂ ಹೇಳುತ್ತದೆ. ನಾವು ಬರೆಯುವುದಕ್ಕಿಂತ ಮೊದಲೇ ಆ ಕಡೆಯಲ್ಲಿ ಒಂದು ದಿನಚರಿ ನಡೆಯುತ್ತಿದೆ ಎಂದಾಯಿತು.

ಕಲಿಯುವವರಿಗೆ 13ನೆಯ ಕೀರ್ತನೆ ಅತ್ಯುತ್ತಮ ಮಾದರಿ, ಏಕೆಂದರೆ ಅದು ಚಿಕ್ಕದು, ಆರೇ ವಚನಗಳು. ಮೊದಲ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಈ ಕೀರ್ತನೆಯನ್ನು ಎಡಪುಟದಲ್ಲಿ ಕೈಯಾರೆ ನಕಲು ಮಾಡಿ, ಬಲಪುಟದಲ್ಲಿ ನಿಮ್ಮದನ್ನು ಅದೇ ಕ್ರಮದಲ್ಲಿ ಬರೆಯಿರಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

"ಎಷ್ಟರವರೆಗೆ ಕರ್ತನೇ, ಅಮ್ಮ ಬೆಳಗಿನ ಚಹಾವನ್ನು ಎರಡು ಲೋಟಗಳಲ್ಲಿ ಸುರಿದು, ಆಮೇಲೆ ಒಂದನ್ನು ತಿರುಗಿ ಪಾತ್ರೆಗೆ ಹಾಕುವುದನ್ನು ನಾನು ನೋಡಬೇಕು? ಎಷ್ಟರವರೆಗೆ ಬಂದವರೆಲ್ಲ ಇದು ದೇವರ ಚಿತ್ತವೆಂದು ನಮಗೆ ಹೇಳಬೇಕು? ಅಮ್ಮನಿಗೆ ರಾತ್ರಿಯ ನಿದ್ರೆಯನ್ನು ಕೊಡು. ನನಗೆ ಆ ಮಾತು ಹೇಳುವವರ ಮೇಲೆ ರೇಗದಷ್ಟು ತಾಳ್ಮೆ ಕೊಡು."

ಅಲ್ಲಿಗೆ ನಿಂತಿದೆ. ಭರವಸೆಯ ಭಾಗವನ್ನು ಆ ದಿನ ನನ್ನಿಂದ ಬರೆಯಲಾಗಲಿಲ್ಲ, ಆ ಜಾಗವನ್ನು ಹಾಗೆಯೇ ಖಾಲಿ ಬಿಟ್ಟೆ. ನೀವೂ ಬಲವಂತವಾಗಿ ತುಂಬಿಸಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಅದಕ್ಕೊಂದು ಸಮಾಧಾನದ ಕೊನೆಯನ್ನು ಜೋಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅದೂ ಪವಿತ್ರ ಗ್ರಂಥದೊಳಗೇ ಇದೆ.

ವಾಕ್ಯವನ್ನು ಕೇಳುವುದು

ಬರೀ ನಮ್ಮ ಮಾತೇ ತುಂಬಿದರೆ ಪುಸ್ತಕವು ಪ್ರಾರ್ಥನೆಯಾಗುವ ಬದಲು ಕೊರಗಿನ ಲೆಕ್ಕವಾಗುತ್ತದೆ. ಆದುದರಿಂದ ದೂರು ಬರೆದ ಅನಂತರ ಆ ದಿನದ ವೇದಪಾಠದಿಂದ, ಅಥವಾ ನೀವು ಕ್ರಮವಾಗಿ ಓದುತ್ತಿರುವ ಸುವಾರ್ತೆಯಿಂದ, ಐದಾರು ವಚನಗಳನ್ನು ನಿಧಾನವಾಗಿ ಓದಿ. ಮನಸ್ಸು ತಡೆದು ನಿಂತ ಒಂದು ವಾಕ್ಯವನ್ನು ನಕಲು ಮಾಡಿ, ಅದರ ಕೆಳಗೆ ಅದಕ್ಕೆ ನಿಮ್ಮ ಉತ್ತರವನ್ನು ಬರೆಯಿರಿ. ಉತ್ತರವು "ಇದನ್ನು ಇವತ್ತು ನಂಬಲು ಆಗುತ್ತಿಲ್ಲ" ಎಂದಿದ್ದರೂ ಸರಿಯೇ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಮಗುವಿನ ತಂದೆಯೊಬ್ಬನು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಯೇಸುವಿನ ಮುಂದಿಟ್ಟನು, ಮಗು ಗುಣವಾಯಿತು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನಸ್ಸಿಗೆ ಹೊಳೆದ ಮಾತನ್ನು "ದೇವರು ನನಗೆ ಹೀಗೆ ಹೇಳಿದನು" ಎಂದು ಬರೆಯುವ ಬದಲು "ನನಗೆ ಹೀಗೆ ತೋಚಿತು" ಎಂದು ಬರೆಯುವುದು ಕ್ಷೇಮ. ಆರು ತಿಂಗಳ ಅನಂತರ ಓದುವಾಗ ಅದು ಭಯದ ದನಿಯೋ ಆಸೆಯ ದನಿಯೋ ಎಂದು ಪರೀಕ್ಷಿಸಲು ಅವಕಾಶ ಉಳಿಯುತ್ತದೆ.

ದುಃಖದ ತೀವ್ರತೆ ಇಳಿದ ಮೇಲೆ, ನಿತ್ಯದ ಬದುಕಿಗೆ, ಇಗ್ನೇಷಿಯಸ್ ಲೊಯೋಲರು 16ನೆಯ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆಯ ಕ್ರಮ ಬಹಳ ಉಪಯುಕ್ತ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸು ಸಭೆಯವರ (ಇಗ್ನೇಷಿಯಸರು ಸ್ಥಾಪಿಸಿದ ಜೆಸ್ವಿಟ್ ಸಂಘದವರ) ಮೂಲಕ ಮಂಗಳೂರಿನ ಕಥೋಲಿಕರಿಗೆ ಇದು ಪರಿಚಿತವೇ. ಪ್ರೊಟೆಸ್ಟೆಂಟರಾದ ನಮಗೂ ಇದರಿಂದ ನಷ್ಟವೇನಿಲ್ಲ. ದಿನದ ಕೊನೆಯಲ್ಲಿ ಕೃತಜ್ಞತೆ ಹೇಳುವುದು, ಬೆಳಕನ್ನು ಬೇಡುವುದು, ದಿನವನ್ನು ಗಂಟೆ ಗಂಟೆಯಾಗಿ ಹಿಂದಿರುಗಿ ನೋಡುವುದು, ತಪ್ಪಿದಲ್ಲಿ ಕ್ಷಮೆ ಕೇಳುವುದು, ನಾಳೆಗಾಗಿ ಒಂದು ನಿರ್ಧಾರ ಮಾಡುವುದು, ಹೀಗೆ ಐದು ಹೆಜ್ಜೆಗಳು. ಎಲ್ಲವನ್ನೂ ಪ್ರತಿದಿನ ಬರೆಯಲು ಹೋದರೆ ವಾರದಲ್ಲಿ ಕೈ ಸೋಲುತ್ತದೆ; ಮನಸ್ಸಿನಲ್ಲಿ ಐದನ್ನೂ ಮಾಡಿ, ಕಾಗದದ ಮೇಲೆ ಒಂದನ್ನು ಮಾತ್ರ ಬರೆಯಿರಿ. ಕೃತಜ್ಞತೆಯನ್ನು ಬರೆಯುವಾಗಲೂ "ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ" ಎಂಬ ಸಾಮಾನ್ಯ ಪಟ್ಟಿ ಬೇಡ. "ಬಸ್ಸಿನಲ್ಲಿ ಹುಡುಗನೊಬ್ಬ ಅಮ್ಮನಿಗೆ ಸೀಟು ಬಿಟ್ಟುಕೊಟ್ಟನು" ಎಂದು ಬರೆದರೆ ಆ ಹುಡುಗನಿಗಾಗಿ ಪ್ರಾರ್ಥಿಸಲೂ ದಾರಿಯಾಗುತ್ತದೆ. ಕಥೋಲಿಕ ಓದುಗರಿಗೆ ಇನ್ನೊಂದು ಮಾತು: ತಪ್ಪನ್ನು ಪುಸ್ತಕದಲ್ಲಿ ಬರೆದದ್ದು ಗುರುಗಳ ಮುಂದೆ ಮಾಡುವ ಪಾಪನಿವೇದನೆಗೆ ಸಿದ್ಧತೆಯಾಗಬಹುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಹಳೆಯ ಗಾಯಗಳ ಕುರಿತು

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಅತ್ಯಂತ ನೋವಿನ ಅನುಭವವನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಘಟನೆಯನ್ನೂ ಅದರ ಕುರಿತ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆ ಬಳಿಕ ನಡೆದ ಅನೇಕ ಅಧ್ಯಯನಗಳು ಪ್ರಯೋಜನವಿದೆಯೆಂದೂ ಅದು ಸಾಧಾರಣ ಪ್ರಮಾಣದ್ದೆಂದೂ ತೋರಿಸಿವೆ. ಆದುದರಿಂದ ಇದನ್ನು ಪವಾಡವೆಂದು ಎಣಿಸಬೇಡಿ.

ಇದನ್ನು ಮಾಡುವವರು ಗಾಯ ಹಸಿಯಾಗಿರುವಾಗ, ಅಂದರೆ ಮೊದಲ ಕೆಲವು ವಾರಗಳಲ್ಲಿ, ಕೈ ಹಾಕಬಾರದು. ಆಗ ಮೇಲೆ ಹೇಳಿದ ಸಣ್ಣ ದೈನಂದಿನ ಬರಹವೇ ಸಾಕು. ನಾಲ್ಕು ಬಿಡುವಿನ ದಿನಗಳನ್ನು ಆರಿಸಿಕೊಂಡು, ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಂ ಇಟ್ಟು, ಕಾಗುಣಿತದ ಗೊಡವೆಯಿಲ್ಲದೆ ಬರೆಯಿರಿ. ಅಲಾರಂ ಬಡಿದಾಗ ವಾಕ್ಯದ ನಡುವಿನಲ್ಲಿದ್ದರೂ ನಿಲ್ಲಿಸಿ, "ನಿನ್ನ ಕೈಗೆ ಒಪ್ಪಿಸುತ್ತೇನೆ" ಎಂದು ಹೇಳಿ ಪುಸ್ತಕ ಮುಚ್ಚಿ, ಕೂಡಲೇ ಕೈಕಾಲಿಗೆ ಕೆಲಸ ಕೊಡಿ: ಮುಖ ತೊಳೆಯುವುದು, ಅಂಗಳ ಗುಡಿಸುವುದು, ಮಲ್ಲಿಗೆ ಗಿಡಕ್ಕೆ ನೀರು ಹಾಕುವುದು. ಬರೆಯುತ್ತಿರುವಾಗ ತಾಳಲಾರದ ಸಂಕಟ ಎದ್ದರೆ ಆ ವಿಷಯವನ್ನು ಅಲ್ಲಿಯೇ ಬಿಟ್ಟುಬಿಡಬೇಕು.

ಕ್ಷಮೆಯ ವಿಷಯದಲ್ಲಿ ನಮ್ಮವರು ಅತಿ ಅವಸರ ಮಾಡುತ್ತಾರೆ. "ಅವರನ್ನು ಕ್ಷಮಿಸಿದೆನು" ಎಂದು ಬರೆಯುವ ಮುನ್ನ ಏನನ್ನು ಕ್ಷಮಿಸುತ್ತಿದ್ದೀರಿ ಎಂಬುದನ್ನು ಸಾಲಗಾರನ ಪಟ್ಟಿಯಂತೆ ಒಂದೊಂದಾಗಿ ಬರೆಯಿರಿ. ಲೆಕ್ಕ ತಿಳಿಯದೆ ಸಾಲ ಮನ್ನಾ ಮಾಡುವುದು ಹೇಗೆ? ನೋಯಿಸಿದವರಿಗೆ ಒಂದು ಪತ್ರವನ್ನು ಪುಸ್ತಕದಲ್ಲಿಯೇ ಬರೆದು, ಕಳುಹಿಸದೆ ಬಿಡುವುದೂ ಉಂಟು. ಪಟ್ಟಿ ಮುಗಿದ ಮೇಲೂ ಕ್ಷಮಿಸಲು ಮನಸ್ಸು ಬಾರದಿದ್ದರೆ "ಕ್ಷಮಿಸುವ ಮನಸ್ಸು ಇನ್ನೂ ಬಂದಿಲ್ಲ, ಕೊಡು" ಎಂಬ ಒಂದು ಸಾಲು ಸಾಕು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಕ್ಷಮಿಸಿದ ಮಾತ್ರಕ್ಕೆ ಹೊಡೆಯುವವರ ಬಳಿಗೆ ಮರಳಬೇಕಾಗಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ.

ಪುಸ್ತಕದಿಂದ ಆಗದ ಕೆಲಸವೂ ಇದೆ. ಮೂರು ನಾಲ್ಕು ವಾರ ಅದೇ ವಾಕ್ಯವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೀರಾದರೆ, ನಿದ್ರೆ ಮತ್ತು ಊಟ ಸರಿಹೋಗದಿದ್ದರೆ, ಪುಸ್ತಕವನ್ನು ಬದಿಗಿಟ್ಟು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ನಿಮ್ಮ ಸಭಾಪಾಲಕರಿಗೋ ಧರ್ಮಗುರುಗಳಿಗೋ ತಿಳಿಸುವುದು ಅದರ ಜೊತೆಗೆ ಆಗಬೇಕಾದದ್ದು, ಅದರ ಬದಲಿಗೆ ಅಲ್ಲ. ಸಾಯುವ ಯೋಚನೆ ಒಂದು ಸಾಲಾಗಿ ಪುಟಕ್ಕೆ ಇಳಿದರೂ ಆ ದಿನವೇ ಒಬ್ಬ ಮನುಷ್ಯನಿಗೆ ಬಾಯಿಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಹಿಂದಿರುಗಿ ಓದುವುದು

ಬರೆದ ಮರುದಿನವೇ ಓದಬೇಡಿ, ತಿದ್ದಬೇಕೆನಿಸುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು. ನಾನು ಈಸ್ಟರಿಗೆ ಮುಂಚಿನ ಉಪವಾಸಕಾಲ ಆರಂಭವಾಗುವ ಬೂದಿ ಬುಧವಾರದ ವಾರದಲ್ಲಿ ಮತ್ತು ಕ್ರಿಸ್ಮಸ್ಸಿಗೆ ಮುನ್ನ ಆಗಮನ ಕಾಲದ ಮೊದಲ ವಾರದಲ್ಲಿ ತಪ್ಪದೆ ಓದುತ್ತೇನೆ. ಇದಕ್ಕಾಗಿ ಮೊದಲಿನಿಂದಲೇ ಎಡಗಡೆ ಎರಡು ಬೆರಳಿನಷ್ಟು ಅಂಚು ಬಿಟ್ಟು ಬರೆಯಿರಿ. ಓದುವಾಗ ಬೇರೆ ಬಣ್ಣದ ಪೆನ್ನಿನಿಂದ, ಬೇಡಿಕೆಗಳ ಎದುರು ಆ ದಿನದ ಸ್ಥಿತಿಯನ್ನು ದಿನಾಂಕ ಸಮೇತ ಗುರುತಿಸಿ. ಕೆಲವು ಈಡೇರಿರುತ್ತವೆ, ಕೆಲವು ಇಲ್ಲ. ಕೆಲವು ಕಡೆ ಬೇಡಿಕೆಯೇ ಬದಲಾಗಿರುತ್ತದೆ, ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ಗುರುತುಗಳು ಅವೇ. "ತಾಳ್ಮೆ ಕೊಡು" ಎಂದು ಬರೆದಿದ್ದ ಆ ಪುಟದ ಅಂಚಿನಲ್ಲಿ ಮುಂದಿನ ವರ್ಷ ನಾನು ಬರೆದದ್ದು: "ದೇವರ ಚಿತ್ತ ಎಂದವರಲ್ಲಿ ಒಬ್ಬರ ಮನೆಯಲ್ಲಿ ನಿನ್ನೆ ಸಾವಾಯಿತು. ಹೋಗಿ ಸುಮ್ಮನೆ ಪಕ್ಕದಲ್ಲಿ ಕುಳಿತು ಬಂದೆ." ಹಳೆಯ ಸಾಲುಗಳನ್ನು ಮಾತ್ರ ಹೊಡೆದುಹಾಕಬೇಡಿ, ನಾಚಿಕೆ ತರುವಂಥವಾದರೂ ಸರಿ.

ಗುಟ್ಟು

ಯಾರಾದರೂ ಓದಿಬಿಟ್ಟಾರೆಂಬ ಭಯವಿದ್ದರೆ ಕೈ ತಾನಾಗಿಯೇ ವರದಿ ಬರೆಯತೊಡಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಗಳಲ್ಲಿ ಬೀಗದ ಪೆಟ್ಟಿಗೆ ಎಲ್ಲರಿಗೂ ಸಿಗುವಂಥದ್ದಲ್ಲ. ಅಂಥ ಕಡೆ ಮನೆಯವರಿಗೆ "ಇದು ನನ್ನ ಪ್ರಾರ್ಥನೆಯ ಪುಸ್ತಕ, ದಯವಿಟ್ಟು ತೆರೆಯಬೇಡಿ" ಎಂದು ನೇರವಾಗಿ ಹೇಳುವುದೇ ಒಳ್ಳೆಯದು. ತೀರಾ ಸೂಕ್ಷ್ಮವಾದದ್ದನ್ನು ಬಿಡಿ ಹಾಳೆಯಲ್ಲಿ ಬರೆದು, ಪ್ರಾರ್ಥಿಸಿ, ಬಚ್ಚಲೊಲೆಗೆ ಹಾಕಿದರೂ ತಪ್ಪಿಲ್ಲ. ಬರೆದದ್ದರ ಒಳ್ಳೆಯ ಸಾಲನ್ನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವ ಆಸೆಯನ್ನಂತೂ ಅದುಮಿಕೊಳ್ಳಬೇಕು. ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ 1654ರ ನವೆಂಬರ್ 23ರ ರಾತ್ರಿ ತನಗಾದ ದೇವರ ಅನುಭವವನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಒಳಪದರಕ್ಕೆ ಹೊಲಿದಿಟ್ಟುಕೊಂಡಿದ್ದನು. 1662ರಲ್ಲಿ ಅವನು ಸತ್ತ ಮೇಲೆಯೇ ಅದು ಸಿಕ್ಕಿತು.

ತುಂಬಿದ ಪುಸ್ತಕಗಳ ಒಳಹೊದಿಕೆಯ ಮೇಲೆ, ನಿಮ್ಮ ಅನಂತರ ಅದನ್ನು ಯಾರು ಏನು ಮಾಡಬೇಕೆಂದು ಬರೆದಿಡಿ. ನನ್ನವುಗಳ ಮೇಲೆ "ತಂಗಿ, ಓದದೆ ಸುಟ್ಟುಬಿಡು" ಎಂದಿದೆ. ಮೊದಲನೆಯ ಪುಸ್ತಕದಲ್ಲಿ ಮಾತ್ರ ಇನ್ನೊಂದು ಸಾಲು ಸೇರಿಸಿದ್ದೇನೆ: "ಆಗಸ್ಟ್ ತಿಂಗಳ ಮೀನಿನ ಪುಟವನ್ನು ಹರಿದು ನೀನು ಇಟ್ಟುಕೋ."